ಎತ್ತಿದ ತೊಟ್ಟಿಯ ಕೆಳಗೆ

ಸುಗ್ಗಿ ಮುಗಿದು ಹೊಲಕ್ಕೆ ಗೊಬ್ಬರ ಹೊಡೆಯುವ ಕಾಲ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತದೆ: ‘ಟ್ರೇಲರ್ ಏಳ್ತಿಲ್ಲ, ಜಾಕು ಕೂತ್ಬಿಟ್ಟದೆ, ಏನ್ ಮಾಡೋದು?’ ಶ್ರೀರಂಗಪಟ್ಟಣದ ಕಡೆಯವರು ಗದ್ದೆ ಬಯಲಿಗೆ ಮಣ್ಣು ಸಾಗಿಸುವಾಗ ಕೇಳುತ್ತಾರೆ, ಪಾಂಡವಪುರದ ಕಡೆಯವರು ಜಲ್ಲಿ ಕಲ್ಲು ತುಂಬಿದಾಗ. ಕೆ.ಆರ್. ಪೇಟೆಯ ಹೇಮಾವತಿ ಬಯಲಿನವರಿಗೆ ತಿಪ್ಪೆಗೊಬ್ಬರದ ಚಿಂತೆ. ನಾಗಮಂಗಲದವರು ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆಯುವಾಗ ನೆನೆಯುತ್ತಾರೆ. ಕಬ್ಬಿನ ಟ್ರೇಲರ್‌ನವರು ಮಾತ್ರ ಈ ವಿಷಯಕ್ಕೆ ಬರುವುದು ಕಡಿಮೆ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗಲಿ, ಪಾಂಡವಪುರದ ಕಾರ್ಖಾನೆಗೆ ಹೋಗಲಿ, ಕಬ್ಬನ್ನು ಸರಪಳಿ ಹಾಕಿ ಕ್ರೇನಿನಿಂದ ಎತ್ತಿ ಇಳಿಸುವುದೇ ಹೆಚ್ಚು. ಹಿಂದಕ್ಕೆ ವಾಲಿಸಿ ಸುರಿಯುವ ಟ್ರೇಲರ್ ಬೇಕಾಗುವುದು ಮಣ್ಣು, ಮರಳು, ಕಲ್ಲು, ಗೊಬ್ಬರಕ್ಕೆ.

ಕೇಳುವವರೆಲ್ಲ ಎತ್ತುವುದರ ಬಗ್ಗೆಯೇ ಕೇಳುತ್ತಾರೆ. ಎತ್ತಿದ ಮೇಲೆ ಅದು ಅಲ್ಲೇ ನಿಲ್ಲುತ್ತದೆಯೇ ಎಂದು ಕೇಳಿದವರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ನನ್ನ ಭಯ ಇರುವುದು ಅಲ್ಲಿ. ಏಳದ ಟ್ರೇಲರ್‌ನಿಂದ ಒಂದು ದಿನದ ಕೆಲಸ ಕೆಡಬಹುದು. ಎದ್ದು ನಿಂತ ತೊಟ್ಟಿ ತಾನಾಗಿ ಇಳಿದರೆ ಕೆಳಗೆ ಬಗ್ಗಿದ್ದವನು ಉಳಿಯುವುದಿಲ್ಲ.

ನಮ್ಮ ಮನೆಗೆ ಟ್ರಾಕ್ಟರ್ ಬರುವ ಮುಂಚೆ ಗಾಡಿ ಇತ್ತು. ಗೊಬ್ಬರ ತುಂಬಿದ ಗಾಡಿಯನ್ನು ಹೊಲದ ನಡುವೆ ನಿಲ್ಲಿಸಿ, ಎತ್ತುಗಳ ಕೊರಳು ಬಿಚ್ಚಿ, ಅಪ್ಪ ಮೂಕಿಗೆ ಹೆಗಲು ಕೊಟ್ಟು ಮೇಲೆತ್ತುತ್ತಿದ್ದರು. ಗಾಡಿ ಹಿಂದಕ್ಕೆ ವಾಲಿ ಗೊಬ್ಬರ ಕುಪ್ಪೆಯಾಗಿ ಬೀಳುತ್ತಿತ್ತು. ಒಬ್ಬ ಮನುಷ್ಯ ಅಷ್ಟು ಭಾರವನ್ನು ಹೇಗೆ ವಾಲಿಸುತ್ತಾನೆ ಎಂದು ಚಿಕ್ಕಂದಿನಲ್ಲಿ ಆಶ್ಚರ್ಯವಾಗುತ್ತಿತ್ತು. ಗುಟ್ಟು ಅಚ್ಚಿನಲ್ಲಿತ್ತು. ಗಾಡಿಯ ಭಾರ ಅಚ್ಚಿನ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿರುತ್ತದೆ. ಮೂಕಿ ಎತ್ತುವವನು ಹೊರುವುದು ಇಡೀ ಭಾರವನ್ನಲ್ಲ, ಎರಡು ಕಡೆಯ ಅಂತರವನ್ನು ಮಾತ್ರ. ಬಾವಿಯ ಏತವೂ ಹಾಗೆಯೇ. ಉದ್ದ ಮರದ ಒಂದು ತುದಿಯಲ್ಲಿ ನೀರಿನ ಬಾನೆ, ಇನ್ನೊಂದು ಕಡೆ ಅದನ್ನು ತೂಗುವ ಭಾರ. ನಮ್ಮ ಹಳೆಯ ಎತ್ತುಗೆಗಳೆಲ್ಲ ತೂಕಕ್ಕೆ ತೂಕ ಕೊಟ್ಟು ಕೆಲಸ ಮಾಡಿದವು.

ಟ್ರಾಕ್ಟರ್ ಟ್ರೇಲರ್ ಈ ಲೆಕ್ಕವನ್ನು ಬಿಟ್ಟುಕೊಟ್ಟಿತು. ಅದರ ತೊಟ್ಟಿಗೆ ಕೀಲು ಇರುವುದು ತೀರಾ ಹಿಂದಿನ ತುದಿಯಲ್ಲಿ. ಭಾರವೆಲ್ಲ ಕೀಲಿನ ಒಂದೇ ಕಡೆ. ಅದನ್ನು ತೂಗಲು ಎದುರಿಗೆ ಏನೂ ಇಲ್ಲ, ಇರುವುದು ಕೆಳಗಿನ ಜಾಕಿನ ಎಣ್ಣೆ ಒಂದೇ.

ಎಣ್ಣೆಯ ಶಕ್ತಿ ದೊಡ್ಡದೇ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು ಫ್ರಾನ್ಸಿನ ಪ್ಯಾಸ್ಕಲ್ ಹದಿನೇಳನೆಯ ಶತಮಾನದಲ್ಲಿ ಕಂಡುಕೊಂಡ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಅದೇ ತತ್ವದ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ನಮ್ಮ ಟ್ರೇಲರ್ ಕೆಳಗಿರುವುದು ಅದರದೇ ಸಂತತಿ. ಲೆಕ್ಕ ಸುಲಭ. ಜಾಕಿನ ಒಳವ್ಯಾಸ 100 ಮಿಲಿಮೀಟರ್ ಇದ್ದರೆ ಎಣ್ಣೆ ತಳ್ಳುವ ಮುಖದ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡ ಬಂದರೆ ಜಾಕು ಸುಮಾರು 11.8 ಟನ್ ಬಲದಿಂದ ತಳ್ಳುತ್ತದೆ. ಅದೇ ಒತ್ತಡಕ್ಕೆ 70 ಮಿಲಿಮೀಟರ್ ಜಾಕು ಕೊಡುವುದು 5.8 ಟನ್. ವ್ಯಾಸದಲ್ಲಿ ಮೂರು ಸೆಂಟಿಮೀಟರ್ ಕಡಿಮೆಯಾದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸಣ್ಣ ಜಾಕು ತಂದು ಹಾಕಿದವರು ಇದನ್ನು ನೆನಪಿಡಬೇಕು.

ಹನ್ನೊಂದು ಟನ್ ಬಲ ಇದ್ದರೆ ಐದಾರು ಟನ್ ಎತ್ತಲು ಯಾವ ಕಷ್ಟ ಎಂದು ಕೇಳಬಹುದು. ಕಷ್ಟ ಜಾಕು ಕೂತ ಜಾಗದಲ್ಲಿದೆ. ಬಾಗಿಲನ್ನು ಹಿಡಿಯ ಹತ್ತಿರ ತಳ್ಳಿದರೆ ಮಗುವಿನ ಕೈಗೂ ತೆರೆದುಕೊಳ್ಳುತ್ತದೆ. ಕೀಲಿನ ಪಕ್ಕದಲ್ಲಿ ತಳ್ಳಿದರೆ ದೊಡ್ಡವರೂ ಬೆವರಬೇಕು. ತೊಟ್ಟಿ ಮಲಗಿರುವಾಗ ಜಾಕೂ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ, ಅದರ ತಳ್ಳುವಿಕೆಯ ಬಹುಪಾಲು ಮುಂದಕ್ಕೆ ಹೋಗಿ ಮೇಲಕ್ಕೆ ಹೋಗುವುದು ಸ್ವಲ್ಪವೇ. ಹತ್ತು ಅಡಿ ಉದ್ದದ ತೊಟ್ಟಿಯಲ್ಲಿ ಮಣ್ಣು ಸೇರಿ ಆರೂವರೆ ಟನ್ ಇದೆ ಎನ್ನಿ. ಭಾರದ ನಡುಬಿಂದು ಕೀಲಿನಿಂದ ಐದು ಅಡಿ ದೂರ. ಜಾಕಿನ ತಲೆ ಕೀಲಿನಿಂದ ಆರು ಅಡಿ ದೂರದಲ್ಲಿ 30 ಡಿಗ್ರಿ ಓರೆಯಾಗಿ ತಾಗಿದ್ದರೆ ಮೊದಲ ಅಂಗುಲ ಎತ್ತಲು 10.8 ಟನ್ ಬಲ ಬೇಕು. ಅದೇ ಜಾಕನ್ನು ಚಾಸಿಗೆ ಸ್ವಲ್ಪ ಅಂಟಿಸಿ, 20 ಡಿಗ್ರಿಗೆ ಕೂರಿಸಿ ಬೆಸುಗೆ ಹಾಕಿದರೆ ಬೇಕಾಗುವುದು ಹತ್ತಿರ ಹತ್ತಿರ 16 ಟನ್. ಪಂಪು ಅದೇ, ಎಣ್ಣೆ ಅದೇ, ಭಾರವೂ ಅದೇ. ಕಬ್ಬಿಣದ ಒಂದು ಕಿವಿಯನ್ನು ತಪ್ಪು ಜಾಗದಲ್ಲಿ ಬೆಸೆದದ್ದಕ್ಕೆ ಟ್ರೇಲರ್ ಏಳುವುದಿಲ್ಲ.

ಹಾಗಾಗಿ ‘ಹೊಸ ಬ್ರಾಕೆಟ್ ಹಾಕಿಸಿದ ಮೇಲೆ ಏಳ್ತಿಲ್ಲ’ ಎಂದವರಿಗೆ ನಾನು ಮೊದಲು ಪಂಪಿನ ವಿಷಯ ಹೇಳುವುದಿಲ್ಲ. ಹಳೆಯ ಬ್ರಾಕೆಟ್ ಎಲ್ಲಿತ್ತೋ ಅದರ ಬಣ್ಣದ ಗುರುತು ಚಾಸಿಯ ಮೇಲೆ ಇನ್ನೂ ಇರುತ್ತದೆ, ಟೇಪು ಹಿಡಿದು ಅಳೆಯಿರಿ ಎನ್ನುತ್ತೇನೆ. ಮೊದಲ ಒಂದು ಗೇಣು ಏಳುವುದೇ ಕಷ್ಟ, ಆಮೇಲೆ ಜಾಕು ನೆಟ್ಟಗಾಗುತ್ತಾ ಹೋಗುತ್ತದೆ, ಭಾರ ಕೀಲಿನ ಕಡೆಗೆ ಸರಿಯುತ್ತಾ ಬರುತ್ತದೆ, ಕೆಲಸ ಹಗುರವಾಗುತ್ತದೆ. ಕೈಯಿಂದ ನಾಲ್ಕು ಬುಟ್ಟಿ ಮಣ್ಣನ್ನು ಮುಂದಿನಿಂದ ತೆಗೆದರೆ ಎಷ್ಟೋ ಟ್ರೇಲರ್ ಎದ್ದುಬಿಡುವುದು ಇದೇ ಕಾರಣಕ್ಕೆ.

ಈಗ ಹಲಗೆಯ ಮಾತು. ಅತಿ ಹೆಚ್ಚು ಜನ ಮಾಡಿಸುವ ಮಾರ್ಪಾಡು ಇದು. ತೊಟ್ಟಿಯ ಪಕ್ಕಕ್ಕೆ ಇನ್ನೊಂದು ಅಡಿ ತಗಡು ಏರಿಸುವುದು. ಗೊಬ್ಬರ ಹೊಡೆಯುವವರಿಗೆ ಅದು ನ್ಯಾಯವಾದ ಆಸೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಹಿಡಿಯುವುದು 120 ಘನ ಅಡಿ, ಅಂದರೆ 3.4 ಘನ ಮೀಟರ್. ಘನ ಮೀಟರಿಗೆ ಸುಮಾರು 600 ಕಿಲೋ ತೂಗುವ ತಿಪ್ಪೆಗೊಬ್ಬರವಾದರೆ ತುಂಬಿದರೂ ಎರಡು ಟನ್. ಒಂದು ಅಡಿ ಏರಿಸಿದರೆ ಮೂರು ಟನ್. ಜಾಕಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಅದೇ ಟ್ರೇಲರ್ ಏಪ್ರಿಲ್‌ನಲ್ಲಿ ಕೆರೆಗೆ ಇಳಿಯುತ್ತದೆ. ಹಸಿ ಗೋಡು ಘನ ಮೀಟರಿಗೆ 1.7 ಟನ್‌ನಷ್ಟು ತೂಗುತ್ತದೆ. ಎರಡು ಅಡಿಯ ತೊಟ್ಟಿಯಲ್ಲಿ 5.8 ಟನ್, ಮೂರು ಅಡಿಯದರಲ್ಲಿ 8.7 ಟನ್. ತೊಟ್ಟಿಯ ತೂಕ ಕೂಡಿಸಿದರೆ ಮೇಲೆ ಹೇಳಿದ ಜಾಕಿಗೆ ಮತ್ತೆ ಅದೇ 16 ಟನ್ ಬಲ ಬೇಕಾಗುತ್ತದೆ. ಗೊಬ್ಬರಕ್ಕೆಂದು ಏರಿಸಿದ ತಗಡು ಗೋಡಿಗೆ ಬಂದಾಗ ಇಳಿಯಬೇಕು. ಬೆಸುಗೆ ಹಾಕಿಬಿಟ್ಟರೆ ಇಳಿಯುವುದಿಲ್ಲ. ತಗಡು ಏರಿಸಲೇಬೇಕು ಎನ್ನುವವರು ಗೂಟ ಮತ್ತು ಕೊಳವೆಯ ಜೋಡಣೆ ಮಾಡಿಸಿ, ಕೈಯಲ್ಲಿ ಎತ್ತಿ ತೆಗೆಯುವಂತೆ ಇಟ್ಟುಕೊಳ್ಳಲಿ. ನೋಂದಣಿಯ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದೂ ತಿಳಿದಿರಲಿ. ಅಪಘಾತವಾಗಿ ವಿಮೆ ಕೇಳುವಾಗ ಆ ಒಂದು ಅಡಿ ತಗಡು ನಿಮ್ಮ ವಿರುದ್ಧದ ಸಾಕ್ಷಿಯಾಗಿ ನಿಲ್ಲಬಹುದು.

ಏಳದಿದ್ದಾಗ ಗ್ಯಾರೇಜಿನಲ್ಲಿ ಸಿಗುವ ಸುಲಭದ ಪರಿಹಾರ ಒತ್ತಡದ ಸ್ಕ್ರೂ ಬಿಗಿಯುವುದು. ಎಣ್ಣೆಯ ಒತ್ತಡ ಮಿತಿ ಮೀರಿದಾಗ ಅದನ್ನು ವಾಪಸು ಹರಿಯಬಿಡುವ ರಿಲೀಫ್ ವಾಲ್ವ್ ಒಂದು ಇರುತ್ತದೆ. ಅದರ ಸ್ಪ್ರಿಂಗನ್ನು ಬಿಗಿ ಮಾಡಿದರೆ ಒತ್ತಡ ಏರುತ್ತದೆ, ಟ್ರೇಲರ್ ಏಳುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ. ನಮ್ಮ ಲೆಕ್ಕದ 16 ಟನ್‌ಗೆ 150ರ ಜಾಗದಲ್ಲಿ 200 ಕಿಲೋ ಒತ್ತಡ ಬೇಕು. ಆ ಹೆಚ್ಚಿನ ಒತ್ತಡ ಪಂಪಿನಿಂದ ಹಿಡಿದು ಹೋಸ್ ಪೈಪು, ಕಪ್ಲರ್, ಸೀಲು, ಪಿನ್ನು, ಬೆಸುಗೆಯ ತನಕ ಎಲ್ಲದರ ಮೇಲೂ ಬೀಳುತ್ತದೆ. ವಾಲ್ವ್ ಅಲ್ಲಿದ್ದದ್ದು ‘ಇಷ್ಟು ಭಾರ ಬೇಡ’ ಎಂದು ಹೇಳಲಿಕ್ಕೆ. ಅದರ ಬಾಯಿ ಕಟ್ಟಿದ ಮೇಲೆ ಆ ಮಾತನ್ನು ಹೇಳುವುದು ಎಲ್ಲಿ ದುರ್ಬಲವಾಗಿದೆಯೋ ಅಲ್ಲಿ ಒಡೆಯುವ ಪೈಪು. ಮೀಟರ್ ಇಟ್ಟು ಅಳೆಯದೆ, ಟ್ರಾಕ್ಟರ್ ಕಂಪನಿ ಹೇಳಿದ ಅಂಕಿ ಎಷ್ಟೆಂದು ನೋಡದೆ ಆ ಸ್ಕ್ರೂ ಮುಟ್ಟುವವರ ಕೈಗೆ ನಿಮ್ಮ ಗಾಡಿ ಕೊಡಬೇಡಿ.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ಕಿವಿ ಕೊಡುವುದು. ಲಿವರ್ ಎಳೆದಾಗ ಇಂಜಿನ್ ದನಿ ಕುಗ್ಗಿ ಮುಕ್ಕರಿಯುತ್ತಿದೆಯೇ? ಹಾಗಿದ್ದರೆ ಪಂಪು ದುಡಿಯುತ್ತಿದೆ, ಒತ್ತಡ ಹುಟ್ಟುತ್ತಿದೆ, ತಡೆ ಇರುವುದು ಭಾರದಲ್ಲಿ, ಜಾಕಿನ ಕೋನದಲ್ಲಿ ಅಥವಾ ತುಕ್ಕು ಹಿಡಿದ ಕೀಲಿನಲ್ಲಿ. ಇಂಜಿನ್ ದನಿ ಬದಲಾಗದೆ ತೊಟ್ಟಿ ಸುಮ್ಮನೆ ಮಲಗಿದ್ದರೆ ಎಣ್ಣೆ ಜಾಕಿನವರೆಗೆ ಒತ್ತಡದಿಂದ ತಲುಪುತ್ತಲೇ ಇಲ್ಲ. ಎಣ್ಣೆ ಕಡಿಮೆಯಾಗಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪು ಸವೆದಿರಬಹುದು. ಜಾಕಿನ ಪೈಪನ್ನು ಟ್ರಾಕ್ಟರಿಗೆ ಸೇರಿಸುವ ಕಪ್ಲರ್ ಅರ್ಧ ಕೂತಿದ್ದರೆ ಬೇರೆಯೇ ಲಕ್ಷಣ: ಒಳಗಿನ ಗುಂಡು ದಾರಿ ಮುಚ್ಚಿರುತ್ತದೆ, ಲಿವರ್ ಎಳೆದ ಕೂಡಲೇ ಪಂಪು ಕಿರುಚುತ್ತದೆ, ತೊಟ್ಟಿ ಅಲುಗುವುದಿಲ್ಲ. ಅದನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿದರೆ ಮುಗಿಯಿತು. ಜರ್ಕು ಹೊಡೆಯುತ್ತಾ ಎದ್ದರೆ ಎಣ್ಣೆಯಲ್ಲಿ ಗಾಳಿ ಸೇರಿದೆ.

ಎಣ್ಣೆಯ ಪ್ರಮಾಣವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 100 ಮಿಲಿಮೀಟರ್ ಜಾಕು ಒಂದು ಮೀಟರ್ ಹೊರಬಂದರೆ ಅದರ ಹೊಟ್ಟೆಗೆ 7.85 ಲೀಟರ್ ಎಣ್ಣೆ ಬೇಕು. ಎಷ್ಟೋ ಟ್ರಾಕ್ಟರುಗಳಲ್ಲಿ ಗೇರ್‌ಪೆಟ್ಟಿಗೆಯ ಎಣ್ಣೆಯೇ ಹೈಡ್ರಾಲಿಕ್ ಎಣ್ಣೆ. ಅಷ್ಟು ಎಣ್ಣೆ ಅಲ್ಲಿಂದ ಹೋದಾಗ ಉಳಿದದ್ದು ಸಾಲದೆ ಪಂಪು ಗಾಳಿ ಎಳೆಯುತ್ತದೆ. ಮುಕ್ಕಾಲು ಎದ್ದು ನಿಂತುಬಿಡುವ ಟ್ರೇಲರ್‌ಗಳಲ್ಲಿ ಹಲವಕ್ಕೆ ಬೇಕಿರುವುದು ಎರಡು ಮೂರು ಲೀಟರ್ ಎಣ್ಣೆ. ನಮ್ಮ ಊರುಗಳಲ್ಲಿ ಇನ್ನೊಂದು ಅಭ್ಯಾಸವೂ ಇದೆ. ಟ್ರೇಲರ್ ಒಬ್ಬರದು, ಟ್ರಾಕ್ಟರ್ ಇನ್ನೊಬ್ಬರದು. ಇವತ್ತು ಒಂದು ಟ್ರಾಕ್ಟರ್‌ಗೆ ಕಟ್ಟುತ್ತೇವೆ, ನಾಳೆ ಇನ್ನೊಂದಕ್ಕೆ. ಕಟ್ಟಿದಾಗಲೆಲ್ಲ ಜಾಕಿನೊಳಗಿನ ಹಳೆಯ ಎಣ್ಣೆ, ಅದರ ಕೊಳೆ, ಕಪ್ಲರ್ ಬಾಯಿಯ ದೂಳು ಎಲ್ಲವೂ ಹೊಸ ಟ್ರಾಕ್ಟರಿನ ಹೊಟ್ಟೆಗೆ ಹೋಗುತ್ತದೆ. ಕಪ್ಲರ್‌ಗೆ ಒಂದು ಪ್ಲಾಸ್ಟಿಕ್ ಟೋಪಿ ಹಾಕಿಟ್ಟರೆ ಸಾವಿರಾರು ರೂಪಾಯಿಯ ಪಂಪು ಉಳಿಯುತ್ತದೆ.

ಇನ್ನು ಎದ್ದು ನಿಂತ ತೊಟ್ಟಿ ಮೆಲ್ಲಗೆ ತಾನೇ ಕುಸಿಯುವ ತೊಂದರೆ. ಇಲ್ಲಿ ಬಹಳ ಜನ ಕಣ್ಣುಮುಚ್ಚಿ ಜಾಕಿನ ಸೀಲ್ ಕಿಟ್ ಬದಲಾಯಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ನಮ್ಮ ಟ್ರೇಲರ್ ಜಾಕುಗಳಲ್ಲಿ ಹೆಚ್ಚಿನವು ಒಂದೇ ಕಡೆ ತಳ್ಳುವಂಥವು. ಎತ್ತುವಾಗ ಎಣ್ಣೆ ತಳ್ಳುತ್ತದೆ, ಇಳಿಯುವಾಗ ತೊಟ್ಟಿ ತನ್ನ ಭಾರದಿಂದಲೇ ಇಳಿಯುತ್ತದೆ. ಒಳಗಿನ ಎಣ್ಣೆ ಹೊರಗೆ ಹೋಗದೆ ತೊಟ್ಟಿ ಇಳಿಯಲಾರದು. ಹಾಗಾದರೆ ಎಣ್ಣೆ ಎಲ್ಲಿಗೆ ಹೋಯಿತು ಎಂಬುದೊಂದೇ ಪ್ರಶ್ನೆ. ಜಾಕಿನ ಕತ್ತಿನ ಗ್ಲ್ಯಾಂಡಿನಲ್ಲಿ, ಉಸಿರುತೂತಿನಲ್ಲಿ, ಪೈಪಿನ ಸಂದಿನಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ದೋಷ ಅಲ್ಲಿದೆ. ನೆಲ ಒಣಗಿದ್ದು ತೊಟ್ಟಿ ಮಾತ್ರ ಇಳಿಯುತ್ತಿದ್ದರೆ ಎಣ್ಣೆ ಟ್ರಾಕ್ಟರಿಗೇ ವಾಪಸು ಹೋಗುತ್ತಿದೆ, ದೋಷ ಟ್ರಾಕ್ಟರಿನ ಕಂಟ್ರೋಲ್ ವಾಲ್ವಿನಲ್ಲಿದೆ. ಹೊಸ ಸೀಲು ಹಾಕಿದರೂ ಅದು ನಿಲ್ಲದು. ಬೇರೆ ಟ್ರಾಕ್ಟರಿಗೆ ಕಟ್ಟಿ, ಖಾಲಿ ತೊಟ್ಟಿಯನ್ನು ಎತ್ತಿ, ಯಾರೂ ಹತ್ತಿರ ಹೋಗದೆ ಹತ್ತು ನಿಮಿಷ ನೋಡಿದರೆ ಸತ್ಯ ಗೊತ್ತಾಗುತ್ತದೆ.

ಸೀಲೇ ಹೋಗಿದ್ದರೆ ಅದು ಯಾಕೆ ಹೋಯಿತು ಎಂದೂ ಕೇಳಬೇಕು. ವರ್ಷಕ್ಕೊಮ್ಮೆ ಸೀಲು ಹೋಗುವ ಜಾಕಿನಲ್ಲಿ ತಪ್ಪು ಸೀಲಿನದಲ್ಲ. ರಾಡಿನ ಕ್ರೋಮ್ ಹೊಳಪಿನ ಮೇಲೆ ಉಗುರು ಎಳೆದು ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ತುಕ್ಕಿನ ಗುಳಿ ಇದೆ, ಪ್ರತಿ ಸಲವೂ ಅದು ಸೀಲನ್ನು ಕೊಯ್ಯುತ್ತಿದೆ. ಮಳೆಗಾಲದಲ್ಲಿ ತೊಟ್ಟಿ ಎತ್ತಿದಂತೆ ಬಿಟ್ಟು ಹೋಗುವವರ ರಾಡುಗಳಿಗೆ ಈ ಗತಿ. ಚಾಸಿಗೆ ವೆಲ್ಡಿಂಗ್ ಮಾಡುವಾಗ ಅರ್ಥ್ ಕ್ಲಿಪ್ಪನ್ನು ದೂರದಲ್ಲೆಲ್ಲೋ ಕಚ್ಚಿಸಿದರೆ ವಿದ್ಯುತ್ತು ಜಾಕಿನ ಮೂಲಕ ಹರಿದು ಹೊಳಪಿನ ಮೇಲೆ ಕಿಡಿಯ ಚುಕ್ಕೆ ಬೀಳಿಸುತ್ತದೆ, ಅದೂ ಇದೇ ಕೆಲಸ ಮಾಡುತ್ತದೆ. ಕ್ಲಿಪ್ಪು ಬೆಸುಗೆಯ ಪಕ್ಕದಲ್ಲೇ ಇರಬೇಕು.

ಇದಕ್ಕಿಂತ ದೊಡ್ಡ ಕಾರಣ ಹಿಂದಿನ ಎರಡು ಕೀಲುಗಳು. ಎಡಗಡೆಯ ಪಿನ್ನು ಸವೆದು ಬಲಗಡೆಯದು ಗಟ್ಟಿ ಇದ್ದರೆ ತೊಟ್ಟಿ ಏಳುವಾಗ ತಿರುಚಿಕೊಳ್ಳುತ್ತದೆ. ಜಾಕು ಹುಟ್ಟಿದ್ದು ನೆಟ್ಟಗೆ ತಳ್ಳುವುದಕ್ಕೆ. ಪಕ್ಕಕ್ಕೆ ಬಾಗಿಸಿದರೆ ಗ್ಲ್ಯಾಂಡು ಒಂದೇ ಕಡೆ ತೇಯುತ್ತದೆ. ಗಾಡಿಯ ಕಡಾಣಿಯನ್ನು ನಮ್ಮ ಹಿರಿಯರು ಎಷ್ಟು ಜೋಪಾನ ಮಾಡುತ್ತಿದ್ದರೋ ಅಷ್ಟು ಜೋಪಾನ ಈ ಪಿನ್ನುಗಳಿಗೆ ಸಲ್ಲಬೇಕು. ಕೀಲಿನ ತೂತು ಅಗಲವಾಗಿದ್ದರೆ ದಪ್ಪ ಪಿನ್ನು ಬಡಿದು ಮುಗಿಸಬೇಡಿ. ತೂತನ್ನು ಕೊರೆಸಿ ಗನ್‌ಮೆಟಲ್ ಬುಷ್ ಕೂರಿಸಿ, ಗ್ರೀಸ್ ನಿಪ್ಪಲ್ ಹಾಕಿಸಿ. ಕಬ್ಬಿಣದ ಮೇಲೆ ಕಬ್ಬಿಣ ತಿರುಗಿದರೆ ಒಂದನ್ನೊಂದು ಕಚ್ಚುತ್ತವೆ, ಕಂಚಿನ ಮೇಲೆ ಉಕ್ಕು ತಿರುಗಿದರೆ ಸವೆಯುವುದು ಕಂಚು, ಅದನ್ನು ಬದಲಾಯಿಸುವುದು ಸುಲಭ. ಕಂಚು, ಹಿತ್ತಾಳೆಯ ಎರಕಕ್ಕೆ ಹೆಸರಾದ ನಾಗಮಂಗಲದ ಸೀಮೆಯಲ್ಲಿ ಕೂತು ಟ್ರೇಲರ್ ಕೀಲಿಗೆ ಗುಜರಿ ಪೈಪಿನ ತುಂಡು ತುರುಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಈಗ ನಾನು ಮೊದಲು ಹೇಳಿದ ಭಯಕ್ಕೆ ಬರುತ್ತೇನೆ. ನನಗಾಗ ಹತ್ತೊಂಬತ್ತು ವರ್ಷ. ನಮ್ಮ ಟ್ರೇಲರ್ ಜಾಕಿನ ಕೆಳಗಿನ ಪಿನ್ನಿಗೆ ಗ್ರೀಸ್ ಹಾಕಬೇಕಿತ್ತು. ಖಾಲಿ ತೊಟ್ಟಿಯನ್ನು ಎತ್ತಿ, ಚಾಸಿಗೂ ತೊಟ್ಟಿಗೂ ನಡುವೆ ಜಾಲಿ ಮರದ ಒಂದು ಕೊರಡು ನಿಲ್ಲಿಸಿ ಒಳಗೆ ಬಗ್ಗಿದೆ. ಗ್ರೀಸ್ ಗನ್ನು ಮರೆತದ್ದು ನೆನಪಾಗಿ ಹೊರಗೆ ಬಂದೆ. ನಾಲ್ಕು ಹೆಜ್ಜೆ ಇಟ್ಟಿರಬಹುದು. ಪೈಪಿನ ಹಳೆಯ ಸಂದು ಬಿಟ್ಟುಕೊಂಡಿತು. ತೊಟ್ಟಿ ಇಳಿಯುವ ಸದ್ದೇ ನನಗೆ ಕೇಳಲಿಲ್ಲ, ಕೊರಡು ಸೀಳಿದ ಸದ್ದು ಕೇಳಿತು. ತಿರುಗಿ ನೋಡಿದಾಗ ನಾನು ತಲೆ ಇಟ್ಟಿದ್ದ ಜಾಗದಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ಕೂತಿತ್ತು. ಅಪ್ಪ ಕೊಟ್ಟಿಗೆಯಿಂದ ಓಡಿ ಬಂದವರು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಟ್ರೇಲರಿನ ಚಕ್ರಕ್ಕೆ ಒರಗಿ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಮಾರನೆಯ ದಿನ ಟ್ರೇಲರನ್ನು ಪಾಂಡವಪುರಕ್ಕೆ ಎಳೆದುಕೊಂಡು ಹೋಗಿ ಊರುಗೋಲು ಮಾಡಿಸಿದರು.

ಆ ಊರುಗೋಲಿನ ವಿವರ ಹೇಳುತ್ತೇನೆ, ನೀವೂ ಮಾಡಿಸಿಕೊಳ್ಳಿ ಎಂದು. ಗಟ್ಟಿ ಉಕ್ಕಿನ ಪೈಪು, ಅದರ ಒಂದು ತುದಿ ಚಾಸಿಗೇ ಪಿನ್ನಿನಿಂದ ಸೇರಿಕೊಂಡಿರಬೇಕು. ಬಿಡಿಯಾಗಿದ್ದರೆ ಅದು ಮನೆಯಲ್ಲಿ ಉಳಿಯುತ್ತದೆ, ಬೇಕಾದಾಗ ಸಿಗುವುದಿಲ್ಲ. ತೊಟ್ಟಿ ಎದ್ದಾಗ ಅದನ್ನು ಮೇಲಕ್ಕೆ ತಿರುಗಿಸಿದರೆ ಇನ್ನೊಂದು ತುದಿ ತೊಟ್ಟಿಯ ಅಡ್ಡತೊಲೆಗೆ ಬೆಸೆದ ಬಟ್ಟಲಿನಂಥ ಗುಳಿಯಲ್ಲಿ ಕೂರಬೇಕು, ಪಕ್ಕಕ್ಕೆ ಜಾರಬಾರದು. ಆಮೇಲೆ ಲಿವರನ್ನು ಸ್ವಲ್ಪ ಇಳಿಸಿ, ತೊಟ್ಟಿಯ ಭಾರ ಜಾಕಿನಿಂದ ಊರುಗೋಲಿಗೆ ಬಂದಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಇಂಜಿನ್ ಆರಿಸಿ, ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಒಳಗೆ ಹೋಗಬೇಕು. ಇದು ಖಾಲಿ ತೊಟ್ಟಿಗೆ ಮಾತ್ರ. ತುಂಬಿದ ತೊಟ್ಟಿಯ ಕೆಳಗೆ ಯಾವ ಊರುಗೋಲು ಇದ್ದರೂ ಯಾರೂ ಹೋಗಬಾರದು.

ಇದರ ಜೊತೆಗೆ ಮಾಡಿಸಬೇಕಾದ ಇನ್ನೊಂದು ಮಾರ್ಪಾಡು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಜಾಕಿನ ಬಾಯಿಗೇ ನೇರವಾಗಿ ಕೂರುವ ಒಂದು ವಾಲ್ವ್. ಪೈಪು ಒಡೆದು ಎಣ್ಣೆ ಒಮ್ಮೆಲೇ ನುಗ್ಗಿದರೆ ಅದು ತಾನೇ ಮುಚ್ಚಿಕೊಂಡು ತೊಟ್ಟಿಯನ್ನು ಹಿಡಿಯುತ್ತದೆ. ಅಂಗಡಿಯಲ್ಲಿ ‘ಹೋಸ್ ಬರ್ಸ್ಟ್ ವಾಲ್ವ್’ ಎಂದು ಕೇಳಿ. ಅದು ಪೈಪಿನ ಆಚೆ ತುದಿಯಲ್ಲಿದ್ದರೆ ಪ್ರಯೋಜನವಿಲ್ಲ, ಒಡೆಯುವ ಪೈಪಿಗೂ ಜಾಕಿಗೂ ನಡುವೆಯೇ ಇರಬೇಕು. ಹಲಗೆ ಏರಿಸಲು ಖರ್ಚು ಮಾಡುವ ಹಣದಲ್ಲಿ ಇದೂ ಊರುಗೋಲೂ ಎರಡೂ ಆಗುತ್ತವೆ ಎಂಬುದು ನನ್ನ ಅಂದಾಜು. ಪೈಪಿನಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದಿದೆ ಎಂದು ಅನುಮಾನವಿದ್ದರೆ ಕೈಯಿಂದ ಸವರಿ ನೋಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಒತ್ತಡದ ಎಣ್ಣೆ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗಾಯ, ತಡ ಮಾಡಿದರೆ ಬೆರಳು, ಕೈ ಹೋಗುತ್ತದೆ. ನೋವಿಲ್ಲವೆಂದು ಮನೆಯಲ್ಲಿ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಗೆ ನುಗ್ಗಿದೆ ಎಂದು ಬಾಯಿಬಿಟ್ಟು ಹೇಳಬೇಕು.

ಎತ್ತಿದ್ದನ್ನು ಬೀಳದಂತೆ ಹಿಡಿಯುವ ಚಿಂತೆ ಟ್ರೇಲರಿಗಷ್ಟೇ ಅಲ್ಲ. ಒಬ್ಬ ಓದುಗರು ಪಿಕಪ್ ಗಾಡಿಯ ಹಿಂದೆ ಮಡಚುವ ಮನೆ ಕಟ್ಟುವ ಆಸೆ ಹೇಳಿಕೊಂಡಿದ್ದರು. ಹೊರದೇಶಗಳಲ್ಲಿ ಅಂಥವು ಇವೆ. ಪೆಟ್ಟಿಗೆಯ ಮುಚ್ಚಳದಂತೆ ಮೇಲ್ಭಾಗ ಕೀಲಿನ ಮೇಲೆ ಪೂರಾ ಹೊರಳಿ ಆಚೆ ಬದಿಗೆ ನೆಲವಾಗಿ ಹಾಸಿಕೊಳ್ಳುತ್ತದೆ, ಅದರೊಡನೆ ಗುಡಾರದ ಬಟ್ಟೆ ಬಿಚ್ಚಿ ಎದ್ದು ನಿಲ್ಲುತ್ತದೆ. ಅವರಿಗೆ ನಾನು ಹೇಳಿದ್ದು ಇಷ್ಟು: ಟ್ರೇಲರ್ ತೊಟ್ಟಿ ಎಂದೂ ನೆತ್ತಿ ದಾಟುವುದಿಲ್ಲ, ನಿಮ್ಮ ಮುಚ್ಚಳ ದಾಟುತ್ತದೆ. ನೆತ್ತಿಯವರೆಗೆ ನೀವು ಅದನ್ನು ಎತ್ತಬೇಕು, ದಾಟಿದ ಮೇಲೆ ಅದು ಬೀಳದಂತೆ ಎಳೆದು ಹಿಡಿಯಬೇಕು. ಹಗ್ಗ, ರಾಟೆ ಒಂದೇ ಕಡೆ ಕಟ್ಟಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಎರಡೂ ಕಡೆ ಸ್ಪ್ರಿಂಗು ಅಥವಾ ಎದುರುಭಾರ ಬೇಕು. ಎದುರುಭಾರದ ಬುದ್ಧಿ ನಮಗೆ ಹೊಸದಲ್ಲ. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಮೊದಲು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಆಮೇಲೆ ನಮ್ಮ ಕನ್ನಂಬಾಡಿ ಅಣೆಕಟ್ಟೆಗೂ ಬಂದವು. ನೀರು ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುವ ಬಾಗಿಲುಗಳು. ಅಂಥ ಭಾರದ ಕಬ್ಬಿಣವನ್ನೂ ತೂಗಿ ನಿಲ್ಲಿಸಿದರೆ ಸುಲಭದಲ್ಲಿ ಅಲುಗಾಡಿಸಬಹುದು.

ತೊಟ್ಟಿ ಎತ್ತುವ ನೆಲದ ಬಗ್ಗೆಯೂ ಎರಡು ಮಾತು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಟ್ರೇಲರ್ ನಿಲ್ಲಿಸಿ ಮಣ್ಣು ಸುರಿಯುವುದನ್ನು ಕಾಣುತ್ತೇನೆ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ಸತ್ತರು. ಆ ಏರಿಗಳು ಎಷ್ಟು ಕಿರಿದು ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಎದ್ದ ತೊಟ್ಟಿಯ ಭಾರ ಎತ್ತರಕ್ಕೆ ಹೋಗಿರುತ್ತದೆ. ಒಂದು ಚಕ್ರ ನಾಲ್ಕು ಅಂಗುಲ ತಗ್ಗಿನಲ್ಲಿದ್ದರೂ, ಹಸಿ ಮಣ್ಣು ಒಂದು ಮೂಲೆಗೆ ಅಂಟಿ ಉಳಿದರೂ ಇಡೀ ಟ್ರೇಲರ್ ಪಕ್ಕಕ್ಕೆ ಮಗುಚುತ್ತದೆ. ಮೇಲಕ್ಕೂ ನೋಡಬೇಕು. ಹತ್ತು ಅಡಿಯ ತೊಟ್ಟಿ 45 ಡಿಗ್ರಿಗೆ ಎದ್ದರೆ ಅದರ ಮೂತಿ ಕೀಲಿಗಿಂತ ಏಳು ಅಡಿ ಮೇಲಿರುತ್ತದೆ, ನೆಲದಿಂದ ಹನ್ನೊಂದು ಹನ್ನೆರಡು ಅಡಿ. ನಮ್ಮ ಹೊಲಗಳ ಮೇಲೆ ಜೋತು ಬಿದ್ದ ಕರೆಂಟು ತಂತಿಗಳಿಗೆ ಅದು ತಾಗುವ ಎತ್ತರ. ಅಂಟಿದ ಗೋಡನ್ನು ಉದುರಿಸಲು ಎತ್ತಿದ ತೊಟ್ಟಿಯೊಡನೆ ಟ್ರಾಕ್ಟರನ್ನು ಮುಂದೆ ಹಿಂದೆ ಜಗ್ಗುವವರು ಪಿನ್ನುಗಳನ್ನೂ ಪ್ರಾಣವನ್ನೂ ಒಟ್ಟಿಗೆ ಪಣಕ್ಕಿಡುತ್ತಾರೆ.

ಕೊನೆಗೆ ಕಿಕ್ಕೇರಿ ಕಡೆಯಿಂದ ಬಂದ ಪ್ರಶ್ನೆ. ಖಾಲಿ ತೊಟ್ಟಿ ಎದ್ದು ನಿಂತಿದೆ, ಇಳಿಯುತ್ತಿಲ್ಲ, ಏನು ಮಾಡಲಿ? ಮೊದಲು ಕಪ್ಲರ್ ನೋಡಿ. ಗುಂಡು ಸಿಕ್ಕಿಕೊಂಡು ಎಣ್ಣೆಯ ವಾಪಸು ದಾರಿ ಮುಚ್ಚಿರುವುದೇ ಹೆಚ್ಚು. ಅದಲ್ಲವಾದರೆ ತೊಟ್ಟಿಯನ್ನು ಜಗ್ಗಬೇಡಿ, ಮೇಲೆ ಹತ್ತಿ ಕುಣಿಯಬೇಡಿ. ಸುತ್ತ ಇರುವ ಮಕ್ಕಳನ್ನು ದೂರ ಕಳಿಸಿ. ಚಾಸಿಯ ಹೊರಗೆ, ಪಕ್ಕದಲ್ಲಿ ನಿಂತು, ಟ್ರಾಕ್ಟರಿನ ಕಡೆಯ ತುದಿಯಲ್ಲಿ ಪೈಪಿನ ನಟ್ಟಿನ ಮೇಲೆ ದಪ್ಪ ಗೋಣಿ ಮುಚ್ಚಿ, ಕೆಳಗೆ ಬಕೆಟ್ ಇಟ್ಟು, ನಟ್ಟನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ ಸಡಿಲಿಸಿ. ಎಣ್ಣೆ ತೊಟ್ಟಿಕ್ಕಲು ಶುರುವಾದರೆ ಸ್ಪ್ಯಾನರ್ ಕೆಳಗಿಟ್ಟು ಹಿಂದೆ ಸರಿಯಿರಿ. ನಟ್ಟು ಪೂರಾ ಬಿಚ್ಚಬೇಡಿ. ತೊಟ್ಟಿ ಚಾಸಿಯ ಮೇಲೆ ಕೂರುವುದಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ, ಅಲ್ಲಿಯವರೆಗೆ ಯಾರೂ ಅದರ ಹತ್ತಿರ ಹೋಗದಂತೆ ನೀವೇ ನಿಂತು ಕಾಯಿರಿ.